ದನದ ಚರ್ಮದ ರಫ್ತು ಎತ್ತ ಸಾಗುತ್ತಿದೆ? ಬೆಂಗಳೂರಲ್ಲೇ ಕೂತು ಲೆಕ್ಕ ಹಾಕುವ ಬಗೆ

ಬೆಂಗಳೂರಿನಲ್ಲಿ ಬ್ಯಾಗು, ಬೆಲ್ಟು, ಪರ್ಸು ಹೊಲಿಸುವ ಸಣ್ಣ ಯೂನಿಟ್‌ನವರು, ಈಗಷ್ಟೇ ರಫ್ತಿಗೆ ಇಳಿಯೋಣ ಅಂತ ಐಇಸಿ (ಆಮದು-ರಫ್ತಿಗೆ ಬೇಕಾದ ಸರ್ಕಾರಿ ನಂಬರ್) ಮಾಡಿಸಿಕೊಂಡವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಚರ್ಮದ ಎಕ್ಸ್‌ಪೋರ್ಟ್ ಈಗ ಹೇಗಿದೆ, ಏರುತ್ತಿದೆಯಾ ಇಳಿಯುತ್ತಿದೆಯಾ? ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡುವವರನ್ನು ನಂಬಬೇಡಿ. ಹಸಿ ಚರ್ಮದ ಮಾರುಕಟ್ಟೆ ಬೇರೆ, ಹದ ಮಾಡಿದ ಚರ್ಮದ್ದು ಬೇರೆ, ಶೂ-ಬ್ಯಾಗಿನದ್ದು ಇನ್ನೂ ಬೇರೆ. ಒಂದು ಮಲಗಿರುವಾಗ ಇನ್ನೊಂದು ಓಡುತ್ತಿರುತ್ತದೆ.

ಪೇಪರಿನಲ್ಲಿ ಬರುವ ಒಟ್ಟು ಮೊತ್ತವನ್ನೇ ತೆಗೆದುಕೊಳ್ಳಿ. ಭಾರತದಿಂದ ಹೋಗುವ ಚರ್ಮ, ಚರ್ಮದ ಸಾಮಾನು, ಪಾದರಕ್ಷೆ ಎಲ್ಲ ಸೇರಿ 2019-20ರಲ್ಲಿ ಸುಮಾರು 5 ಬಿಲಿಯನ್ ಡಾಲರ್ ಇತ್ತು. ಕೋವಿಡ್ ವರ್ಷದಲ್ಲಿ, ಅಂದರೆ 2020-21ರಲ್ಲಿ, 3.7ರ ಹತ್ತಿರಕ್ಕೆ ಬಿತ್ತು. 2022-23ರಲ್ಲಿ 5.26ಕ್ಕೆ ಏರಿತು, ಮರುವರ್ಷವೇ 4.69ಕ್ಕೆ ಇಳಿಯಿತು. ಇದರಲ್ಲಿ ಹೆಚ್ಚುಕಮ್ಮಿ ಅರ್ಧ ಪಾದರಕ್ಷೆ. ಬರೀ ಚರ್ಮದ ಪಾಲು ಸಣ್ಣದು, ಅದರಲ್ಲೂ ಆಡು-ಕುರಿ ಚರ್ಮ ಬೇರೆ ಸೇರಿದೆ. ಹಾಗಿದ್ದ ಮೇಲೆ ಈ ಒಂದು ಅಂಕಿ ಹಿಡಿದುಕೊಂಡು ದನದ ಚರ್ಮದ ಬಗ್ಗೆ ಏನು ತೀರ್ಮಾನ ಮಾಡೋಕಾಗುತ್ತೆ?

ನನ್ನ ಪ್ರಕಾರ ನೋಡಬೇಕಾದ್ದು ಎರಡು ವಿಷಯ. ನೀವು ಮಾರುವ ಹಂತದ ಮಾಲಿಗೆ ಕೆಜಿಗೋ ಚದರಡಿಗೋ ಸಿಗುತ್ತಿರುವ ಬೆಲೆ ಒಂದು. ಕೊಳ್ಳುವವರು ಮಾಲಿನ ಜೊತೆ ಯಾವ ಕಾಗದ, ಅಂದರೆ ಪರೀಕ್ಷೆ ವರದಿ, ಸರ್ಟಿಫಿಕೇಟ್, ಕೇಳುತ್ತಿದ್ದಾರೆ ಅನ್ನುವುದು ಇನ್ನೊಂದು. ಕಳೆದ ಹತ್ತು ವರ್ಷದಲ್ಲಿ ಹಸಿ ಚರ್ಮದ ಬೆಲೆ ಬಿದ್ದಿದೆ, ಕಾಗದದ ಬೆಲೆ ಏರಿದೆ. ಈ ಎರಡನ್ನೂ ನೀವೇ ನೋಡಿ ತಿಳಿದುಕೊಳ್ಳುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಕೋಡ್ ಗೊತ್ತಿರಬೇಕು

ಕಸ್ಟಮ್ಸ್‌ನವರ ಭಾಷೆಯಲ್ಲಿ ಎಲ್ಲ ಮಾಲಿಗೂ ಎಚ್‌ಎಸ್ ಕೋಡ್ ಇದೆ. 41ನೇ ಅಧ್ಯಾಯ ಹಸಿ ಚರ್ಮ ಮತ್ತು ಹದ ಮಾಡಿದ ಚರ್ಮದ್ದು, 42 ಚರ್ಮದ ಸಾಮಾನಿನದ್ದು, 64 ಪಾದರಕ್ಷೆಯದ್ದು. ದನದ ಚರ್ಮಕ್ಕೆ ಬಂದರೆ ಮೂರು ಕೋಡ್ ಬಾಯಿಪಾಠ ಆಗಬೇಕು. 4101 ಅಂದರೆ ಹಸಿ ಚರ್ಮ, ಉಪ್ಪು ಹಾಕಿದ್ದೂ ಇದರಲ್ಲೇ. 4104 ಅಂದರೆ ವೆಟ್ ಬ್ಲೂ (ಹದ ಮಾಡಿ ಒದ್ದೆಯಾಗೇ ಇರುವ ಚರ್ಮ) ಮತ್ತು ಕ್ರಸ್ಟ್ (ಹದ ಮಾಡಿ ಒಣಗಿಸಿದ, ಇನ್ನೂ ಫಿನಿಶ್ ಆಗದ ಚರ್ಮ). 4107 ಅಂದರೆ ಬಣ್ಣ, ಫಿನಿಶ್ ಎಲ್ಲ ಮುಗಿದು ಕತ್ತರಿಸಲು ರೆಡಿಯಾದ ಚರ್ಮ. ನೀವು ಸಾಮಾನು ಮಾಡುವವರಾದರೆ ಬ್ಯಾಗು-ಪರ್ಸಿಗೆ 4202, ಬೆಲ್ಟು-ಗ್ಲೌಸು-ಜಾಕೆಟ್ಟಿಗೆ 4203, ಚರ್ಮದ ಮೇಲ್ಭಾಗ ಇರುವ ಶೂಗೆ 6403.

ಈ 4101, 4104, 4107ರಲ್ಲಿ ದನ ಅಂದರೆ ಬರೀ ಹಸು-ಎತ್ತು ಅಲ್ಲ, ಎಮ್ಮೆಯೂ ಸೇರಿದೆ, ಕುದುರೆ ಜಾತಿಯೂ ಸೇರಿದೆ. ಭಾರತದ ಅಂಕಿ ಓದುವಾಗ ಇದು ಬಹಳ ಮುಖ್ಯ, ಯಾಕೆಂದರೆ ನಮ್ಮಲ್ಲಿ ಎಮ್ಮೆ ಚರ್ಮದ ಪಾಲು ದೊಡ್ಡದು. ಎಮ್ಮೆ ಚರ್ಮ ದಪ್ಪ, ಗ್ರೇನ್ (ಮೇಲ್ಮೈ) ಒರಟು. ಹಸುವಿನ ಚರ್ಮ ತೆಳು, ನಯ. ಎರಡಕ್ಕೂ ಬೆಲೆ ಬೇರೆ, ಬೈಯರ್ ಬೇರೆ.

ವೆಟ್ ಬ್ಲೂ ಅನ್ನುವುದನ್ನು ಒಮ್ಮೆ ಕಣ್ಣಾರೆ ನೋಡಿ. ಕ್ರೋಮ್‌ನಲ್ಲಿ ಹದ ಮಾಡಿದ ಮೇಲೆ ಚರ್ಮ ತಿಳಿ ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಮುಟ್ಟಿದರೆ ತಣ್ಣಗೆ, ಒದ್ದೆ ಬಟ್ಟೆ ಮುಟ್ಟಿದ ಹಾಗೆ. ಪ್ಯಾಲೆಟ್ ಮೇಲೆ ಮಡಚಿ ಪೇರಿಸಿ, ಒಣಗದಿರಲಿ ಅಂತ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಅದರ ತೂಕದಲ್ಲಿ ಅರ್ಧದಷ್ಟು ನೀರೇ. ಒಂದು ತೆಗೆದು ಬೆಳಕಿಗೆ ಹರಡಿದರೆ ಆ ಪ್ರಾಣಿಯ ಬದುಕೆಲ್ಲ ಕಾಣುತ್ತದೆ: ಹೆಗಲ ಮೇಲೆ ನೊಗದ ಗುರುತು, ತೊಡೆ ಮೇಲೆ ಬರೆ ಹಾಕಿದ ಕಲೆ, ಹೊಟ್ಟೆ ಕಡೆ ಉಣ್ಣಿ ಕಚ್ಚಿದ ಚುಕ್ಕೆಗಳು, ಮುಳ್ಳುಬೇಲಿ ಗೀರಿದ ಉದ್ದ ಗೆರೆಗಳು. ಬಣ್ಣ ಹಚ್ಚಿದ ಮೇಲೆ ಇದರಲ್ಲಿ ಎಷ್ಟೋ ಮುಚ್ಚಿಹೋಗುತ್ತದೆ, ಆದರೆ ಬೆಲೆ ಕಟ್ಟುವುದು ಈ ನೀಲಿ ಹಂತದಲ್ಲೇ. ಜಗತ್ತಿನ ವ್ಯಾಪಾರದಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಹೆಚ್ಚು ಓಡಾಡುವುದು ಉಪ್ಪು ಹಾಕಿದ ಚರ್ಮ ಮತ್ತು ಈ ವೆಟ್ ಬ್ಲೂ.

ಅಂಕಿ ತೆಗೆಯುವುದು, ಭಾಗಿಸುವುದು

ಭಾರತದ ಅಂಕಿ ಬೇಕಾದರೆ ಕೇಂದ್ರ ವಾಣಿಜ್ಯ ಇಲಾಖೆಯ ಟ್ರೇಡ್‌ಸ್ಟ್ಯಾಟ್ ತಾಣಕ್ಕೆ ಹೋಗಿ. ದುಡ್ಡು ಕೊಡಬೇಕಿಲ್ಲ. ಎಂಟು ಅಂಕಿಯ ಕೋಡ್ ಹಾಕಿದರೆ ದೇಶವಾರು ಮೌಲ್ಯವೂ ಪ್ರಮಾಣವೂ ಸಿಗುತ್ತದೆ, ಬರೀ ನಾಲ್ಕು ಅಂಕಿ ಹಾಕಿದರೆ ಪ್ರಮಾಣ ಬರುವುದಿಲ್ಲ. ಬೇರೆ ದೇಶಗಳ ಲೆಕ್ಕಕ್ಕೆ ಜಿನೀವಾದ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರ (ಐಟಿಸಿ) ನಡೆಸುವ ಟ್ರೇಡ್ ಮ್ಯಾಪ್ ಇದೆ, ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಇದೆ. ಅಮೆರಿಕದ ಕೃಷಿ ಇಲಾಖೆ ವಾರಕ್ಕೊಮ್ಮೆ ರಫ್ತು ಮಾರಾಟದ ವರದಿ ಹಾಕುತ್ತದೆ, ಅದರಲ್ಲಿ ದನದ ಚರ್ಮ ಎಷ್ಟು ಪೀಸ್ ಯಾವ ದೇಶಕ್ಕೆ ಹೋಯಿತು ಅಂತ ಇರುತ್ತದೆ. ನಮಗೆ ಗುರುವಾರ ಸಂಜೆ ಹೊತ್ತಿಗೆ ಸಿಗುತ್ತದೆ. ಚೀನಾದವರು ಕೊಳ್ಳುತ್ತಿದ್ದಾರೋ ಕೈ ಕಟ್ಟಿ ಕೂತಿದ್ದಾರೋ ತಿಳಿಯಲು ಇದಕ್ಕಿಂತ ಬೇಗ ಸಿಗುವ ಸುದ್ದಿ ಇಲ್ಲ.

ಅಂಕಿ ಸಿಕ್ಕಿತು ಅಂತ ಹಾಗೇ ಓದಬೇಡಿ, ಭಾಗಿಸಿ. ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಂದು ಕೋಡ್‌ನಲ್ಲಿ ಹೋದ ವರ್ಷ 1 ಕೋಟಿ ಡಾಲರ್ ಮಾಲು ಹೋಗಿದೆ, ತೂಕ 10 ಲಕ್ಷ ಕೆಜಿ. ಈ ವರ್ಷ 1.1 ಕೋಟಿ ಡಾಲರ್, ತೂಕ 14 ಲಕ್ಷ ಕೆಜಿ. ಸುದ್ದಿಯಲ್ಲಿ "ರಫ್ತು ಶೇ 10 ಏರಿಕೆ" ಅಂತ ಬರುತ್ತದೆ. ಆದರೆ ಕೆಜಿಗೆ 10 ಡಾಲರ್ ಇದ್ದದ್ದು 7.86 ಡಾಲರ್ ಆಗಿದೆ, ಅಂದರೆ ಶೇ 21ರಷ್ಟು ಬಿದ್ದಿದೆ. ಇದು ಏರುವ ಮಾರುಕಟ್ಟೆ ಅಲ್ಲ, ಸ್ಟಾಕ್ ಖಾಲಿ ಮಾಡುತ್ತಿರುವ ಮಾರುಕಟ್ಟೆ. ಇಂಥ ಹೊತ್ತಲ್ಲಿ ಚರ್ಮ ಕೊಳ್ಳುವವರಿಗೆ ಲಾಭ, ಮಾರುವವರಿಗೆ ಕಷ್ಟ. ನೀವು ಬ್ಯಾಗ್ ಮಾಡುವವರಾದರೆ ಖುಷಿಪಡಬೇಕಾದ ಸುದ್ದಿ ಇದು!

ಅಂಕಿಯಲ್ಲಿ ದಾರಿ ತಪ್ಪಿಸುವ ಜಾಗಗಳು ಕೆಲವಿವೆ. ರೂಪಾಯಿ ಲೆಕ್ಕದಲ್ಲಿ ಎಂದೂ ಹೋಲಿಸಬೇಡಿ. 2022ರ ಶುರುವಿನಲ್ಲಿ ಡಾಲರ್ 75 ರೂಪಾಯಿ ಆಸುಪಾಸಿನಲ್ಲಿತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಮಾಲು ಅಷ್ಟೇ ಹೋದರೂ ರೂಪಾಯಿಯಲ್ಲಿ ಜಾಸ್ತಿ ಕಾಣುತ್ತದೆ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಹೊರಗಿನ ತಾಣಗಳದ್ದು ಜನವರಿಯಿಂದ ಡಿಸೆಂಬರ್, ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಸುಮ್ನೆ ಗೊಂದಲ. ಹಾಂಗ್‌ಕಾಂಗ್‌ಗೆ ಹೋದ ಮಾಲು ಹಾಂಗ್‌ಕಾಂಗ್‌ನಲ್ಲಿ ಉಳಿಯುವುದಿಲ್ಲ, ಅಲ್ಲಿಂದ ಚೀನಾಕ್ಕೋ ವಿಯೆಟ್ನಾಂಗೋ ಹೋಗುತ್ತದೆ. ನೆದರ್‌ಲ್ಯಾಂಡ್ಸ್‌ಗೂ ಇದೇ ಮಾತು, ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದದ್ದೆಲ್ಲ ಅಲ್ಲಿನ ಜನ ಕೊಂಡದ್ದಲ್ಲ. ಇನ್ನೊಂದು: ವೆಟ್ ಬ್ಲೂ ತೂಕದಲ್ಲಿ ನೀರಿರುತ್ತದೆ ಅಂದೆನಲ್ಲ, ಹಾಗಾಗಿ ವೆಟ್ ಬ್ಲೂ ಕೆಜಿ ಬೆಲೆಯನ್ನು ಫಿನಿಶ್ಡ್ ಕೆಜಿ ಬೆಲೆ ಜೊತೆ ಇಡಬೇಡಿ. ಒಂದೇ ಕೋಡ್, ಒಂದೇ ದೇಶ, ವರ್ಷದಿಂದ ವರ್ಷಕ್ಕೆ, ಅಷ್ಟೇ.

ಬೆಲೆ ಯಾಕೆ ಬೀಳುತ್ತದೆ, ಯಾಕೆ ಏರುತ್ತದೆ

ಚರ್ಮಕ್ಕೆ ಬೇಡಿಕೆ ಬಂತು ಅಂತ ಯಾರೂ ದನ ಸಾಕುವುದಿಲ್ಲ. ಮಾಂಸಕ್ಕೆ, ಹಾಲಿಗೆ ಸಾಕುತ್ತಾರೆ, ಚರ್ಮ ಜೊತೆಗೆ ಬರುತ್ತದೆ. ಇಡೀ ವ್ಯಾಪಾರದ ಬೀಗದ ಕೈ ಇರುವುದು ಇಲ್ಲೇ. ಬೇಡಿಕೆ ಕುಸಿದರೂ ಚರ್ಮ ಬರುವುದು ನಿಲ್ಲುವುದಿಲ್ಲ, ಬೇಡಿಕೆ ಏರಿದರೂ ಚರ್ಮ ಜಾಸ್ತಿ ಬರುವುದಿಲ್ಲ. ಅದಕ್ಕೇ ಬೆಲೆ ಇಷ್ಟು ಹುಚ್ಚಾಗಿ ಕುಣಿಯುವುದು.

2014ರ ಸುಮಾರಿಗೆ ಜಗತ್ತಿನಲ್ಲಿ ದನದ ಚರ್ಮಕ್ಕೆ ಒಳ್ಳೇ ಬೆಲೆ ಇತ್ತು. ಬ್ರೆಜಿಲ್ ಆ ವರ್ಷ ಸುಮಾರು 3 ಬಿಲಿಯನ್ ಡಾಲರ್ ಚರ್ಮ ರಫ್ತು ಮಾಡಿತು. ಆಮೇಲೆ ಇಳಿದದ್ದು ಇಳಿದದ್ದೇ, ಈಚಿನ ವರ್ಷಗಳಲ್ಲಿ ಆ ಮೊತ್ತದ ಅರ್ಧವೂ ಇಲ್ಲ. ಅಲ್ಲಿ ದನ ಕಡಿಮೆಯಾಗಿಲ್ಲ, 2024ರಲ್ಲಿ ಕಸಾಯಿಖಾನೆಗೆ ಹೋದ ದನಗಳ ಸಂಖ್ಯೆ ದಾಖಲೆ ಮುಟ್ಟಿತು. ಬಿದ್ದದ್ದು ಬೆಲೆ. ಶೂಗಳಲ್ಲಿ ಬಟ್ಟೆ ಮತ್ತು ಪ್ಲಾಸ್ಟಿಕ್ ಮೇಲ್ಭಾಗ ಬಂತು, ಕಾರಿನ ಸೀಟಿಗೂ ಸಿಂಥೆಟಿಕ್ ಬಂತು, ಸೋಫಾಗೂ ಬಂತು. 2019-20ರ ಹೊತ್ತಿಗೆ ಅಮೆರಿಕದಲ್ಲಿ ಕೆಳದರ್ಜೆಯ ಚರ್ಮಕ್ಕೆ ಉಪ್ಪು ಹಾಕಿದ ಖರ್ಚೂ ಹುಟ್ಟದೆ ಎಷ್ಟೋ ಚರ್ಮವನ್ನು ಕಸದ ಗುಂಡಿಗೆ ಹಾಕಿದರು. ಒಂದು ಪ್ರಾಣಿಯ ಚರ್ಮ ಮಣ್ಣಿಗೆ ಹೋಗುತ್ತದೆ, ಅದರ ಜಾಗಕ್ಕೆ ಪೆಟ್ರೋಲಿಯಂನಿಂದ ಮಾಡಿದ ಶೀಟ್ ಬರುತ್ತದೆ, ಅದಕ್ಕೆ ಪರಿಸರಸ್ನೇಹಿ ಅಂತ ಹೆಸರು. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಈಗ ಅಮೆರಿಕದಲ್ಲಿ ಬೇರೆ ಕಥೆ ನಡೆಯುತ್ತಿದೆ. ಬರ, ಮೇವಿನ ಖರ್ಚು ಅಂತ ರೈತರು ಮಂದೆ ಇಳಿಸಿದರು. 2025ರ ಜನವರಿ 1ಕ್ಕೆ ಅಲ್ಲಿದ್ದ ದನ 8.67 ಕೋಟಿ, 1951ರಿಂದ ಈಚೆಗೆ ಇಷ್ಟು ಕಡಿಮೆ ಇರಲಿಲ್ಲ. ಮಂದೆ ಸಣ್ಣದಾದರೆ ಒಳ್ಳೇ ದರ್ಜೆಯ ದಪ್ಪ ಚರ್ಮ ಕಡಿಮೆಯಾಗುತ್ತದೆ, ಆ ದರ್ಜೆಗೆ ಬೆಲೆ ನಿಲ್ಲುತ್ತದೆ. ಕೆಳದರ್ಜೆ ಮಾತ್ರ ಬಿದ್ದಲ್ಲೇ ಇರುತ್ತದೆ. ಹೀಗಾಗಿ "ಚರ್ಮದ ಬೆಲೆ" ಅಂತ ಒಂದೇ ಬೆಲೆ ಇಲ್ಲ, ಒಳ್ಳೇದು ಮತ್ತು ಸಾಧಾರಣದ ನಡುವಿನ ಅಂತರ ಅಗಲವಾಗುತ್ತಾ ಹೋಗುತ್ತಿದೆ.

ಇನ್ನು ಕೊಳ್ಳುವವರು. ಹಸಿ ಚರ್ಮ, ವೆಟ್ ಬ್ಲೂ ಎರಡಕ್ಕೂ ಚೀನಾ ದೊಡ್ಡ ಗಿರಾಕಿ. ಫಿನಿಶ್ಡ್ ಚರ್ಮದಲ್ಲಿ ಇಟಲಿಯದ್ದೇ ದರ್ಬಾರು. ಅರ್ಜಿನ್ಯಾನೋ, ಸಾಂಟಾ ಕ್ರೋಚೆ ಕಡೆಯ ಟ್ಯಾನರಿಗಳು (ಚರ್ಮ ಹದ ಮಾಡುವ ಕಾರ್ಖಾನೆಗಳು) ಹೊರಗಿನಿಂದ ಚರ್ಮ ತರಿಸಿ, ಫಿನಿಶ್ ಮಾಡಿ, ಹಲವು ಪಟ್ಟು ಬೆಲೆಗೆ ಕಳಿಸುತ್ತವೆ. ಶೂ ಫ್ಯಾಕ್ಟರಿಗಳು ಚೀನಾದಿಂದ ವಿಯೆಟ್ನಾಂ, ಇಂಡೋನೇಷ್ಯಾ ಕಡೆ ಸರಿದ ಮೇಲೆ ಫಿನಿಶ್ಡ್ ಚರ್ಮ ಆ ಕಡೆಗೂ ಹರಿಯತೊಡಗಿತು. ಚರ್ಮ ಹೋಗುವುದು ಹೊಲಿಗೆ ಮಿಷಿನ್ ಇರುವ ಕಡೆಗೆ. ಮುಂದಿನ ಎರಡು ವರ್ಷಕ್ಕೆ ಫಿನಿಶ್ಡ್ ಚರ್ಮ ಎಲ್ಲಿ ಬೇಕಾಗುತ್ತೆ ಅಂತ ತಿಳಿಯಬೇಕಾದರೆ 6403ರಲ್ಲಿ ಯಾವ ದೇಶದ ರಫ್ತು ಏರುತ್ತಿದೆ ನೋಡಿ.

ನಮ್ಮ ಹಸುವಿನ ಚರ್ಮ ಚಿಕ್ಕದು, ಕಲೆ ಜಾಸ್ತಿ. ದೊಡ್ಡ ಸೋಫಾಗೆ, ಕಾರ್ ಸೀಟಿಗೆ ಬೇಕಾದ ಅಗಲವಾದ ಶುಭ್ರ ಚರ್ಮ ಯುರೋಪಿನಿಂದಲೋ ದಕ್ಷಿಣ ಅಮೆರಿಕದಿಂದಲೋ ಬರುತ್ತದೆ. ನಮ್ಮದು ಶೂ ಮೇಲ್ಭಾಗಕ್ಕೆ, ಲೈನಿಂಗಿಗೆ, ಪರ್ಸು-ಬೆಲ್ಟಿಗೆ ಚೆನ್ನ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ, ಆದರೆ ಸೋಫಾ ಚರ್ಮದ ಮಾರುಕಟ್ಟೆ ವರದಿ ಓದಿ ಪರ್ಸಿನ ಚರ್ಮದ ಸ್ಟಾಕ್ ಮಾಡಬೇಡಿ.

ದೆಹಲಿಯಲ್ಲಿ ಬದಲಾದ ನಿಯಮ

ಹಸಿ ಚರ್ಮ ಹೊರಗೆ ಹೋಗದಿರಲಿ, ಇಲ್ಲೇ ಕೆಲಸ ಆಗಲಿ ಅಂತ ಸರ್ಕಾರ ಮೊದಲಿನಿಂದಲೂ ಅದರ ಮೇಲೆ ಭಾರೀ ರಫ್ತು ಸುಂಕ ಇಟ್ಟಿದೆ. ಹಾಗಾಗಿ ಹಸಿ ಚರ್ಮದ ಎಕ್ಸ್‌ಪೋರ್ಟ್ ಮಾಡುತ್ತೇನೆ ಅಂತ ಹೊರಟವರಿಗೆ ನನ್ನ ಮಾತು: ಬೇಡ.

2025ರ ಬಜೆಟ್‌ನಲ್ಲಿ ಎರಡು ದೊಡ್ಡ ಬದಲಾವಣೆ ಆಯಿತು. ವೆಟ್ ಬ್ಲೂ ಆಮದಿನ ಮೇಲಿದ್ದ ಶೇ 10 ಕಸ್ಟಮ್ಸ್ ಸುಂಕ ಹೋಯಿತು. ಕ್ರಸ್ಟ್ ಚರ್ಮದ ರಫ್ತಿನ ಮೇಲಿದ್ದ ಶೇ 20 ಸುಂಕವೂ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ) ಇನ್ನೊಂದು ಗಂಟು ಬಿಚ್ಚಿತು: ಫಿನಿಶ್ಡ್, ವೆಟ್ ಬ್ಲೂ, ಕ್ರಸ್ಟ್ ಮತ್ತು ಇ.ಐ. (ಈಸ್ಟ್ ಇಂಡಿಯಾ, ಅಂದರೆ ತೊಗಟೆ ರಸದಲ್ಲಿ ಹದ ಮಾಡಿದ) ಚರ್ಮವನ್ನು ಇಂಥಿಂಥ ಬಂದರಿನಿಂದಲೇ ಕಳಿಸಬೇಕು, ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಸಿಎಲ್‌ಆರ್‌ಐನಿಂದ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತರಬೇಕು ಅನ್ನುವ ಕಡ್ಡಾಯ ತೆಗೆದುಹಾಕಿತು. ಸಣ್ಣ ರಫ್ತುದಾರರಿಗೆ ಇದು ನಿಜವಾಗಲೂ ದೊಡ್ಡ ನೆರವು.

ಇದರಿಂದ ಬೆಂಗಳೂರಿನ ಬ್ಯಾಗ್ ಯೂನಿಟ್‌ಗೆ ಏನಾಗುತ್ತೆ ಅಂತ ನೋಡೋಣ. ಬ್ರೆಜಿಲ್ ಚರ್ಮ ಅಗ್ಗ ಇದೆ, ಆಮದು ಸುಂಕ ಇಲ್ಲ, ಹಾಗಾಗಿ ತಮಿಳುನಾಡಿನ ರಾಣಿಪೇಟೆಯ ಟ್ಯಾನರಿ ಅದನ್ನು ತರಿಸಿ ಫಿನಿಶ್ ಮಾಡಿ ನಿಮಗೆ ದೊಡ್ಡ ಅಳತೆಯ ಚರ್ಮ ಕೊಡಬಹುದು. ಇದು ಒಳ್ಳೇದು. ಇನ್ನೊಂದು ಕಡೆ, ಕ್ರಸ್ಟ್ ಹೊರಗೆ ಹೋಗಲು ಅಡ್ಡಿಯಿಲ್ಲ ಅಂದ ಮೇಲೆ ಚೀನಾದವರು ಒಳ್ಳೇ ರೇಟ್ ಕೊಟ್ಟ ದಿನ ನಮ್ಮ ಒಳ್ಳೇ ಕ್ರಸ್ಟ್ ಅಲ್ಲಿಗೆ ಹೋಗುತ್ತದೆ, ಇಲ್ಲಿ ಉಳಿದದ್ದರ ಬೆಲೆ ಏರುತ್ತದೆ. ಹಾಗಾಗಿ 4104ರಲ್ಲಿ ಭಾರತದ ಆಮದು ಮತ್ತು ರಫ್ತು ಎರಡನ್ನೂ ಮೂರು ತಿಂಗಳಿಗೊಮ್ಮೆ ನೋಡುತ್ತಿರಿ. ರಫ್ತು ಸರಸರ ಏರುತ್ತಿದ್ದರೆ ನಿಮ್ಮ ಮುಂದಿನ ಆರ್ಡರ್‌ಗೆ ಬೇಕಾದ ಚರ್ಮದ ರೇಟ್ ಈಗಲೇ ಬರೆಸಿಕೊಳ್ಳಿ.

ಮೂಲದ ವಿಷಯ ಒಂದು ಇದೆ, ಹೇಳದೆ ಬಿಡೋಕಾಗಲ್ಲ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಯಲ್ಲಿದೆ, 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬೇರೆ ಜಾನುವಾರು ಹತ್ಯೆಗೆ ಅವಕಾಶ ಇಲ್ಲ. ಸತ್ತ ದನದ ಚರ್ಮ ಇದ್ದೇ ಇರುತ್ತದೆ, ಆದರೆ ಬಿಲ್ ಇಲ್ಲದ ಚರ್ಮ ಕೈಗೆ ಬಂದರೆ ತಲೆನೋವು ನಿಮ್ಮದೇ. ಲೈಸೆನ್ಸ್ ಇರುವ ಟ್ಯಾನರಿಯಿಂದ, ಜಿಎಸ್‌ಟಿ ಬಿಲ್ ಮೇಲೆ, ಕೋಡ್ ಬರೆಸಿಕೊಂಡೇ ಕೊಳ್ಳಿ. ಅಗ್ಗ ಅಂತ ಬೇರೆ ದಾರಿ ಹಿಡಿಯಬೇಡಿ.

ಈಗ ಬೆಲೆಯಲ್ಲಿ ಅರ್ಧ ಕಾಗದದ್ದೇ

ಇಲ್ಲಿ ಸ್ವಲ್ಪ ನಿಧಾನ ಓದಿ. ಮುಂದಿನ ಐದಾರು ವರ್ಷ ಯಾರು ಉಳಿಯುತ್ತಾರೆ ಅನ್ನುವುದು ಇದರ ಮೇಲೇ ನಿಂತಿದೆ ಅಂತ ನಾನು ನಂಬಿದ್ದೇನೆ.

ಮೊದಲನೆಯದು ಕ್ರೋಮಿಯಂ 6. ಹದ ಮಾಡಲು ಬಳಸುವುದು ಕ್ರೋಮಿಯಂ 3, ಅದರಿಂದ ತೊಂದರೆ ಇಲ್ಲ. ಶಾಖ, ಬಿಸಿಲು, ಕಳಪೆ ಎಣ್ಣೆ ಇವುಗಳಿಂದ ಅದರಲ್ಲಿ ಸ್ವಲ್ಪ ಕ್ರೋಮಿಯಂ 6 ಆಗಿ ಬದಲಾಗುತ್ತದೆ, ಅದು ಮನುಷ್ಯರ ಮೈಗೆ ಅಲರ್ಜಿ ತರುತ್ತದೆ. ಯುರೋಪಿನಲ್ಲಿ 2015ರ ಮೇ 1ರಿಂದ ಮೈಗೆ ತಾಗುವ ಚರ್ಮದ ಸಾಮಾನಿನಲ್ಲಿ ಕೆಜಿಗೆ 3 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವಂತಿಲ್ಲ. ಪರೀಕ್ಷೆಯ ಹೆಸರು ಐಎಸ್ಒ 17075. ಟ್ಯಾನರಿಯಲ್ಲಿ ಪಾಸ್ ಆದ ಚರ್ಮ ಆಮೇಲೆ ಫೇಲ್ ಆಗಬಹುದು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ತಗಡಿನ ಶೀಟ್ ಕೆಳಗೆ ಸ್ಟಾಕ್ ಇಟ್ಟರೆ ಏನಾಗುತ್ತೆ ಯೋಚಿಸಿ. ಅದಕ್ಕೇ ಲ್ಯಾಬ್‌ನಲ್ಲಿ ಏಜಿಂಗ್ ಮಾಡಿ, ಅಂದರೆ 80 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಆಮೇಲೆ ಪರೀಕ್ಷೆ ಮಾಡಿದ ವರದಿ ಕೇಳಿ. ಬಣ್ಣದ ವಿಷಯದಲ್ಲಿ ನಿಷೇಧಿತ ಅಜೋ ಡೈ (ಒಂದು ಬಗೆಯ ರಾಸಾಯನಿಕ ಬಣ್ಣ) ಪರೀಕ್ಷೆಯೂ ಬೇಕು, ಅಲ್ಲಿ ಮಿತಿ ಕೆಜಿಗೆ 30 ಮಿಲಿಗ್ರಾಂ. ನೀರು ತಾಗದ ಫಿನಿಶ್ ಬೇಕು ಅಂದರೆ ಪಿಎಫ್‌ಎಎಸ್ (ನೀರು ತಡೆಯುವ ಫ್ಲೋರಿನ್ ರಾಸಾಯನಿಕ) ಇಲ್ಲ ಅಂತ ಬರೆಸಿಕೊಳ್ಳಿ, ಫ್ರಾನ್ಸ್ 2026ರ ಜನವರಿಯಿಂದ ಬಟ್ಟೆ, ಶೂಗಳಲ್ಲಿ ಅದನ್ನು ನಿಷೇಧಿಸಿದೆ.

ಎರಡನೆಯದು ಲೆದರ್ ವರ್ಕಿಂಗ್ ಗ್ರೂಪ್ ಆಡಿಟ್, ಎಲ್ಲರೂ ಎಲ್‌ಡಬ್ಲ್ಯೂಜಿ ಅನ್ನುತ್ತಾರೆ. 2005ರಲ್ಲಿ ಶುರುವಾದದ್ದು. ಟ್ಯಾನರಿಯ ನೀರು, ಕರೆಂಟು, ರಾಸಾಯನಿಕ, ಚರ್ಮದ ಮೂಲ ಎಲ್ಲ ನೋಡಿ ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ದರ್ಜೆ ಕೊಡುತ್ತಾರೆ. ದೊಡ್ಡ ಬ್ರಾಂಡ್‌ಗಳಲ್ಲಿ ಹೆಚ್ಚಿನವು ಈ ಸರ್ಟಿಫಿಕೇಟ್ ಇಲ್ಲದ ಟ್ಯಾನರಿಯ ಚರ್ಮ ಮುಟ್ಟುವುದಿಲ್ಲ. ಬಾಂಗ್ಲಾದೇಶವನ್ನು ನೋಡಿ. 2017ರಲ್ಲಿ ಢಾಕಾದ ಹಜಾರಿಬಾಗ್‌ನಿಂದ ಟ್ಯಾನರಿಗಳನ್ನು ಸಾವರ್‌ಗೆ ಸಾಗಿಸಿದರು, ಆದರೆ ಕೊಳಚೆ ನೀರಿನ ಘಟಕ ಸರಿಯಾಗಿ ಕೆಲಸ ಮಾಡಲಿಲ್ಲ. ಅಲ್ಲಿ ಬಕ್ರೀದ್ ಹೊತ್ತಿಗೆ ವರ್ಷದ ದೊಡ್ಡ ಪಾಲು ಚರ್ಮ ಒಟ್ಟಿಗೆ ಬರುತ್ತದೆ, ಚರ್ಮ ಒಳ್ಳೇದೂ ಹೌದು. ಆದರೆ ಸರ್ಟಿಫಿಕೇಟ್ ಇಲ್ಲದ ಟ್ಯಾನರಿಗಳೇ ಜಾಸ್ತಿ, ಹಾಗಾಗಿ ಅಗ್ಗದ ರೇಟಿಗೆ ಹೆಚ್ಚಾಗಿ ಚೀನಾಕ್ಕೆ ಕೊಡಬೇಕಾಗುತ್ತದೆ. ಎಲ್‌ಡಬ್ಲ್ಯೂಜಿ ಸರ್ಟಿಫಿಕೇಟ್ ಟ್ಯಾನರಿಯದ್ದು, ನಿಮ್ಮದಲ್ಲ. ಯಾವ ಟ್ಯಾನರಿಗೆ ಯಾವ ದರ್ಜೆ, ಎಲ್ಲಿಯವರೆಗೆ ಅಂತ ಅವರ ತಾಣದಲ್ಲೇ ಪಟ್ಟಿ ಇದೆ, ಹುಡುಕಿ ನೋಡಿ. ಟ್ಯಾನರಿಯ ಗೋಡೆ ಮೇಲೆ ಫ್ರೇಮ್ ಹಾಕಿದ ಕಾಗದ ನೋಡಿ ಸಾಕು ಅನ್ನಬೇಡಿ.

ಮೂರನೆಯದು ಯುರೋಪಿನ ಅರಣ್ಯನಾಶ ತಡೆ ನಿಯಮ, ಇಯುಡಿಆರ್. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಮೇಯ್ದ ದನದ ಚರ್ಮ ಆಗಿರಬಾರದು ಅಂತ ನಿಯಮ, ಅದಕ್ಕೆ ಮೂಲದ ಜಾಗದ ವಿವರ ಬೇಕು. 2023ರ ಮೂಲ ನಿಯಮದ ಪಟ್ಟಿಯಲ್ಲಿ 4101, 4104, 4107 ಇವೆ. ಬ್ಯಾಗಿನ 4202, ಶೂವಿನ 64ನೇ ಅಧ್ಯಾಯ ಇಲ್ಲ. ಜಾರಿ ದಿನಾಂಕವನ್ನು ಎರಡು ಸಲ ಮುಂದಕ್ಕೆ ಹಾಕಿದರು: 2024ರ ಕೊನೆಗೆ ಇದ್ದದ್ದು 2025ಕ್ಕೆ, ಅಲ್ಲಿಂದ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ, ಸಣ್ಣವಕ್ಕೆ 2027ರ ಜೂನ್ 30ಕ್ಕೆ. ಚರ್ಮವನ್ನು ಪಟ್ಟಿಯಿಂದ ಬಿಡಿ ಅಂತ ಯುರೋಪಿನ ಟ್ಯಾನರಿಯವರೇ ಗಟ್ಟಿಯಾಗಿ ಕೇಳುತ್ತಿದ್ದಾರೆ, ಹಾಗಾಗಿ ಫಿನಿಶ್ಡ್ ಚರ್ಮ ಕಳಿಸುವವರು ಆರ್ಡರ್ ಒಪ್ಪುವ ಮುಂಚೆ ಇವತ್ತಿನ ಸ್ಥಿತಿ ಏನು ಅಂತ ಬೈಯರ್ ಹತ್ತಿರ ಬರಹದಲ್ಲಿ ಕೇಳಿ. 2025ರ ಮೇನಲ್ಲಿ ಮಾಡಿದ ಪಟ್ಟಿಯಲ್ಲಿ ಭಾರತ ಕಡಿಮೆ ಅಪಾಯದ ದೇಶ, ಬ್ರೆಜಿಲ್ ಸಾಮಾನ್ಯ ದರ್ಜೆಯಲ್ಲಿದೆ. ಅಂದರೆ ಬ್ರೆಜಿಲ್ ವೆಟ್ ಬ್ಲೂ ತರಿಸಿ ಇಲ್ಲಿ ಫಿನಿಶ್ ಮಾಡಿ ಯುರೋಪಿಗೆ ಕಳಿಸಿದರೆ ಬರೀ ಭಾರತದ ಹೆಸರು ಕೆಲಸಕ್ಕೆ ಬರುವುದಿಲ್ಲ, ಆ ದನ ಎಲ್ಲಿ ಬೆಳೆಯಿತು ಅನ್ನುವ ಕಾಗದ ಟ್ಯಾನರಿಯ ಬಳಿ ಇರಬೇಕು.

ಸುಂಕದ ಹಗ್ಗ

ಅಮೆರಿಕ ನಮ್ಮ ಚರ್ಮದ ಸಾಮಾನಿನ ದೊಡ್ಡ ಗಿರಾಕಿ. 2025ರ ಆಗಸ್ಟ್ 27ರಿಂದ ಅವರು ಭಾರತದ ಮಾಲಿನ ಮೇಲೆ ಹೆಚ್ಚುವರಿ ಶೇ 50 ಹಾಕಿದಾಗ ಎಷ್ಟೋ ಆರ್ಡರ್ ಅರ್ಧಕ್ಕೆ ನಿಂತವು. ಆಮೇಲೂ ದರ ಒಂದೇ ಕಡೆ ನಿಂತಿಲ್ಲ. ಹಾಗಾಗಿ ಅಮೆರಿಕದ ಆರ್ಡರ್ ಆದರೆ, ಸುಂಕ ಬದಲಾದರೆ ಯಾರು ಹೊರಬೇಕು ಅನ್ನುವುದನ್ನು ಮುಂಗಡವಾಗಿ ಕೊಡುವ ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲೇ ಬರೆಯಿರಿ. ಬ್ರಿಟನ್ ಜೊತೆ 2025ರ ಜುಲೈ 24ರಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಆಗಿದೆ, ಐರೋಪ್ಯ ಒಕ್ಕೂಟದ ಜೊತೆ ಮಾತುಕತೆ ಮುಗಿಯಿತು ಅಂತ 2026ರ ಜನವರಿಯಲ್ಲಿ ಘೋಷಣೆ ಆಗಿದೆ. ಎರಡರಲ್ಲೂ ಚರ್ಮ ಮತ್ತು ಪಾದರಕ್ಷೆಗೆ ಒಳ್ಳೇ ಲಾಭ ಇದೆ. ಆದರೆ ಸಹಿ ಬೇರೆ, ಜಾರಿ ಬೇರೆ. ಜಾರಿಯಾದ ಮೇಲೂ ಮಾಲು ಯಾವ ದೇಶದ್ದು ಅನ್ನುವ ಮೂಲ ಪ್ರಮಾಣಪತ್ರ ಇಲ್ಲದೆ ಸುಂಕ ಕಡಿಮೆಯಾಗದು.

ಬೆಂಗಳೂರಿನಿಂದ ಕೆಲಸ ಶುರು ಮಾಡುವುದು

ಐಇಸಿಯನ್ನು ಆನ್‌ಲೈನ್‌ನಲ್ಲೇ 500 ರೂಪಾಯಿಗೆ ಮಾಡಿಸಬಹುದು, ಪ್ರತಿ ವರ್ಷ ಏಪ್ರಿಲ್-ಜೂನ್ ನಡುವೆ ಅಪ್‌ಡೇಟ್ ಮಾಡದಿದ್ದರೆ ನಿಷ್ಕ್ರಿಯ ಆಗುತ್ತದೆ. ತೊಡಕು ಬಂದರೆ ಕೋರಮಂಗಲದ ಕೇಂದ್ರೀಯ ಸದನದಲ್ಲಿ ಡಿಜಿಎಫ್‌ಟಿ ಕಚೇರಿ ಇದೆ. ಚರ್ಮಕ್ಕೆ ಕೌನ್ಸಿಲ್ ಫಾರ್ ಲೆದರ್ ಎಕ್ಸ್‌ಪೋರ್ಟ್ಸ್‌ನಿಂದ ಆರ್‌ಸಿಎಂಸಿ (ನೋಂದಣಿ ಮತ್ತು ಸದಸ್ಯತ್ವದ ಪತ್ರ) ತೆಗೆದುಕೊಳ್ಳಿ, ಅದರ ಮುಖ್ಯ ಕಚೇರಿ ಚೆನ್ನೈ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವ್ಯಾಪಾರ ಅಭಿವೃದ್ಧಿ ಕೇಂದ್ರದಲ್ಲಿ ಹೊಸಬರಿಗೆ ತರಬೇತಿ, ಮೇಳಗಳ ಮಾಹಿತಿ ಸಿಗುತ್ತದೆ. ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ (ಮುಚ್ಚಳಿಕೆ ಪತ್ರ) ಹಾಕುವುದು, ಬ್ಯಾಂಕಿನ ಎಡಿ ಕೋಡ್ (ರಫ್ತಿನ ದುಡ್ಡು ಬರುವ ಶಾಖೆಯ ಗುರುತು) ನೋಂದಾಯಿಸುವುದು, ಇವನ್ನು ಆಡಿಟರ್ ಮತ್ತು ಕಸ್ಟಮ್ಸ್ ಏಜೆಂಟ್ ಮಾಡಿಕೊಡುತ್ತಾರೆ. ಕಂಟೇನರ್ ಲೋಡ್ ಇದ್ದರೆ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಲ್ಲೇ (ಐಸಿಡಿ) ಕಸ್ಟಮ್ಸ್ ಮುಗಿಸಿ ಚೆನ್ನೈ ಬಂದರಿಗೆ ಕಳಿಸಬಹುದು. ಯುರೋಪಿಗೆ ಹಡಗಿನ ದಿನ ಲೆಕ್ಕ ಹಾಕುವಾಗ ಒಂದು ನೆನಪಿರಲಿ, 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳು ಶುರುವಾದ ಮೇಲೆ ಎಷ್ಟೋ ಹಡಗು ಆಫ್ರಿಕಾ ಸುತ್ತಿ ಹೋಗತೊಡಗಿದವು, ಅದಕ್ಕೆ ಹತ್ತು ದಿನಕ್ಕೂ ಜಾಸ್ತಿ ಹಿಡಿಯುತ್ತದೆ.

ಇದಕ್ಕಿಂತ ಮುಖ್ಯವಾದ ಕೆಲಸ: ಚೆನ್ನೈ ಹೆದ್ದಾರಿ ಹಿಡಿದು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗೆ ಹೋಗಿ ಬನ್ನಿ. ಬೆಳಿಗ್ಗೆ ಬೇಗ ಹೊರಟರೆ ರಾತ್ರಿಗೆ ಮನೆಗೆ ಬರಬಹುದು. ಟ್ಯಾನರಿಗೆ ಹೋದಾಗ ಚರ್ಮ ನೋಡುವ ಮುಂಚೆ ಕೊಳಚೆ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಪಾಲಾರ್ ನದಿ ಹಾಳಾದ ಮೇಲೆ ವೆಲ್ಲೂರಿನ ಜನ ಕೋರ್ಟಿಗೆ ಹೋದರು, 1996ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯ ಮಾಡಿದವರೇ ದಂಡ ತೆರಬೇಕು ಅಂತ ತೀರ್ಪು ಕೊಟ್ಟಿತು. ಆ ನದಿ ಪಾತ್ರದ ಹಳ್ಳಿಗಳ ಬಾವಿ ನೀರು ಹಾಳಾದದ್ದು ನಿಜ. ಶುದ್ಧೀಕರಣ ಘಟಕ ನಡೆಸುವ ಟ್ಯಾನರಿಯ ರೇಟ್ ಸ್ವಲ್ಪ ಜಾಸ್ತಿಯೇ ಇರುತ್ತದೆ, ಅದನ್ನು ಕೊಡಬೇಕು. ವ್ಯಾಪಾರದ ಲೆಕ್ಕದಲ್ಲೂ ಅದೇ ಸರಿ. ಅಗ್ಗದ ಟ್ಯಾನರಿಗೆ ಒಂದು ದಿನ ಬೀಗ ಬಿದ್ದರೆ ನಿಮ್ಮ ಆರ್ಡರ್ ಮಾಲು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ರೇಟ್ ಮಾತಾಡುವಾಗ ಅಳತೆ ಸರಿ ಮಾಡಿಕೊಳ್ಳಿ. ಇಲ್ಲಿ ಚದರಡಿ ಲೆಕ್ಕ, ಯುರೋಪಿನಲ್ಲಿ ಚದರ ಮೀಟರ್. ಒಂದು ಚದರ ಮೀಟರ್‌ಗೆ 10.76 ಚದರಡಿ, ಹಾಗಾಗಿ ಚದರಡಿಗೆ 2 ಡಾಲರ್ ಅಂದರೆ ಮೀಟರಿಗೆ ಸುಮಾರು 21.5. ದಪ್ಪವನ್ನು ನಾವು ಮಿಲಿಮೀಟರ್‌ನಲ್ಲಿ ಹೇಳುತ್ತೇವೆ, ಅಮೆರಿಕದವರು ಔನ್ಸ್ ಅನ್ನುತ್ತಾರೆ, ಒಂದು ಔನ್ಸ್ ಅಂದರೆ 0.4 ಮಿಮೀ. ಇನ್ನು ಸೆಲೆಕ್ಷನ್, ಅಂದರೆ ಕಲೆ ನೋಡಿ ಕಟ್ಟುವ ದರ್ಜೆ. 100 ರೂಪಾಯಿಯ ಚರ್ಮದಲ್ಲಿ ಕಲೆ ತೆಗೆದು ಶೇ 75 ಮಾತ್ರ ಬಳಕೆಗೆ ಬಂದರೆ ನಿಮಗೆ ಬಿದ್ದ ಬೆಲೆ ಚದರಡಿಗೆ 133. 115 ರೂಪಾಯಿಯದ್ದರಲ್ಲಿ ಶೇ 90 ಬಂದರೆ 128. ದುಬಾರಿಯದ್ದೇ ಅಗ್ಗ ಆಯಿತು, ಅಲ್ವಾ? ಪರ್ಸಿನಂಥ ಸಣ್ಣ ತುಂಡಿನ ಕೆಲಸಕ್ಕೆ ಕಲೆಗಳ ನಡುವೆ ಕತ್ತರಿಸುವ ಅಚ್ಚು (ಡೈ) ಕೂರಿಸಬಹುದು, ಆಗ ಕೆಳ ಸೆಲೆಕ್ಷನ್ ಲಾಭ. ದೊಡ್ಡ ಟೋಟ್ ಬ್ಯಾಗಿಗೆ ಆಗುವುದಿಲ್ಲ. ನಿಮ್ಮ ಪ್ಯಾಟರ್ನ್ ಹಾಳೆಗಳನ್ನು ಜೊತೆಗೇ ಒಯ್ದು, ಚರ್ಮದ ಮೇಲೆ ಹರಡಿ ನೋಡಿ, ಆಮೇಲೆ ರೇಟ್ ಒಪ್ಪಿ. ಮೂಲೆಯನ್ನು ಒಳಕ್ಕೆ ಮಡಚಿ ಹೆಬ್ಬೆರಳಿನಿಂದ ಒತ್ತಿ, ಗ್ರೇನ್ ಸಡಿಲವಾಗಿದ್ದರೆ ದೊಡ್ಡ ಸುಕ್ಕು ಏಳುತ್ತದೆ. ಬಿಳಿ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಉಜ್ಜಿ, ಬಣ್ಣ ಬಿಟ್ಟರೆ ಬೇಡ ಅನ್ನಿ.

ಮೇಳಗಳೂ ಟ್ರೆಂಡ್ ತಿಳಿಯುವ ಜಾಗವೇ. ಮಿಲಾನ್‌ನ ಲಿನೆಯಾಪೆಲ್ಲೆ ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಹಾಂಗ್‌ಕಾಂಗ್‌ನ ಎಪಿಎಲ್‌ಎಫ್ ಮಾರ್ಚ್ ಸುಮಾರಿಗೆ ನಡೆಯುತ್ತದೆ. ಅಷ್ಟು ದೂರ ಹೋಗಲು ಆಗದವರಿಗೆ ಫೆಬ್ರವರಿ ಆಸುಪಾಸಿನಲ್ಲಿ ಚೆನ್ನೈನ ಐಐಎಲ್‌ಎಫ್ ಸಾಕು. ಅಲ್ಲಿ ಸ್ಟಾಲ್‌ನವರ ಹತ್ತಿರ "ಹೇಗಿದೆ ಬಿಸಿನೆಸ್" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಈಗ ಆರ್ಡರ್ ಕೊಟ್ಟರೆ ಎಷ್ಟು ದಿನಕ್ಕೆ ಕೊಡುತ್ತೀರಿ ಅಂತ ಕೇಳಿ. ಎರಡು ವಾರ ಅಂದರೆ ಹದ ಮಾಡುವ ಡ್ರಮ್ ಖಾಲಿ ಇದೆ, ಚೌಕಾಸಿ ಮಾಡಿ. ಎಂಟು ವಾರ ಅಂದರೆ ಮಾರುಕಟ್ಟೆ ಬಿಗಿ ಇದೆ, ಬೇಗ ಬುಕ್ ಮಾಡಿ.

ಮೊದಲ ಶಿಪ್‌ಮೆಂಟ್ ಸಣ್ಣದಿರಲಿ. ಬೈಯರ್ ಹೊಸಬರಾದರೆ ಅಡ್ವಾನ್ಸ್ ಅಥವಾ ಎಲ್‌ಸಿ (ಬ್ಯಾಂಕ್ ಕೊಡುವ ಪಾವತಿ ಖಾತರಿ) ಕೇಳಿ, ಸಾಲದ ಮೇಲೆ ಕಳಿಸಲೇಬೇಕಾದರೆ ದುಡ್ಡು ಬಾರದಿದ್ದರೆ ಕೈ ಹಿಡಿಯುವ ಇಸಿಜಿಸಿ ವಿಮೆ ಮಾಡಿಸಿ. ಒಪ್ಪಿದ ಚರ್ಮದಿಂದ ಎರಡು ತುಂಡು ಕತ್ತರಿಸಿ, ಎರಡರ ಹಿಂದೆಯೂ ಲಾಟ್ ನಂಬರ್, ದಪ್ಪ, ತಾರೀಖು ಬರೆದು ಟ್ಯಾನರಿಯವರ ಸಹಿ ಹಾಕಿಸಿ. ಒಂದು ಬೈಯರ್‌ಗೆ ಕಳಿಸಿ, ಇನ್ನೊಂದನ್ನು ಕವರ್‌ನಲ್ಲಿ ಹಾಕಿ ಬಿಸಿಲು ತಾಗದ ಕಡೆ ಇಟ್ಟುಕೊಳ್ಳಿ. ಬಣ್ಣ ಬೇರೆ ಬಂತು, ದಪ್ಪ ಬೇರೆ ಬಂತು ಅಂತ ಮೂರು ತಿಂಗಳ ಮೇಲೆ ಮೇಲ್ ಬಂದರೆ ಆ ತುಂಡು ತೆಗೆದು ಪಕ್ಕದಲ್ಲಿಟ್ಟು ಫೋಟೋ ಕಳಿಸಿ ಮಾತು ಶುರು ಮಾಡಬಹುದು.